ನಾಲ್ಕೂ ಗಾಲಿಗೆ ಡಿಸ್ಕ್: ಯಾವ ಮಾಸ್ಟರ್ ಸಿಲಿಂಡರ್? ಮೇಸ್ತ್ರಿಗೆ ಕೇಳ್ರಿ

ಅಡ್ಮಿನ್: ಭೋಸರಿಯ ನಮ್ಮ ಬ್ರೇಕ್ ಮೇಸ್ತ್ರಿಗಳು ಅಂಗಡಿ ಮುಚ್ಚಿದ ಮೇಲೆ ಇಲ್ಲಿ ಉತ್ತರ ಕೊಡ್ತಾರೆ. ಡ್ರಮ್ ತೆಗೆದು ಡಿಸ್ಕ್ ಹಾಕಿಸಿದವರು, ಹಾಕಿಸೋರು ಕೇಳಬಹುದು. ಮಾಸ್ಟರ್ ಸಿಲಿಂಡರ್ ಅಂದ್ರೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನ ಪೈಪಿಗೆ ತಳ್ಳೋ ಪಂಪು. ಗಾಡಿ ಯಾವುದು, ಬೂಸ್ಟರ್ (ಕಾಲಿನ ಬಲ ಹೆಚ್ಚಿಸೋ ಡಬ್ಬಿ) ಇದೆಯಾ ಅಂತ ಮೊದಲೇ ಬರೀರಿ. ಫಾರ್ವರ್ಡ್ ಬೇಡ.

ವಿನಯ್, ಹಿಂಜವಡಿ: ನಮಸ್ಕಾರ ಸರ್. ಪೆಟ್ರೋಲ್ ಜಿಪ್ಸಿ, ಬೂಸ್ಟರ್ ಇದೆ. ಮುಂದೆ ಡಿಸ್ಕ್ ಇದ್ದೇ ಇದೆ, ಹಿಂದೆನೂ ಹಾಕಿಸ್ತಿದೀನಿ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದ್ರೆ ಬ್ರೇಕ್ ಜಾಸ್ತಿ ಹಿಡಿಯುತ್ತಾ?

ಮೇಸ್ತ್ರಿ: ನಮಸ್ಕಾರ್ರಿ. ಇಲ್ಲ, ಉಲ್ಟಾ. ಒತ್ತೋ ಕಾಲಿನ ಬಲ ಅಷ್ಟೇ, ಬೋರ್ (ಸಿಲಿಂಡರಿನ ಒಳಗಿನ ಅಗಲ) ದೊಡ್ಡದಾದ್ರ ಪೈಪಿನ್ಯಾಗ ಪ್ರೆಷರ್ ಕಡಿಮಿ ಆಗ್ತೈತಿ. 19.05 ಮಿಮೀ ಬೋರಿನ ಮುಖ 285 ಚದರ ಮಿಮೀ, 22.22ರದು 388, 25.4ರದು 507. 22.22 ತೆಗೆದು 25.4 ಹಾಕಿದ್ರ ಹೆಚ್ಚುಕಡಿಮಿ ಕಾಲು ಭಾಗ ಪ್ರೆಷರ್ ಹೋತು. ಪೆಡಲ್ ಗಟ್ಟಿ ಆಗಿ ಮ್ಯಾಲೇ ನಿಲ್ತೈತಿ, ಅದನ್ನ ನೋಡಿ ಮಂದಿ ಬ್ರೇಕ್ ಚಲೋ ಆತು ಅಂತ ತಿಳ್ಕೊಂತಾರ. ಸಣ್ಣದು ಹಾಕಿದ್ರ ಪ್ರೆಷರ್ ಸಿಗ್ತೈತಿ, ಆದ್ರ ಡಿಸ್ಕಿಗೆ ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿಸ್ಟನ್ ತುಂಬಾಕ ಎಣ್ಣಿ ಸಾಲೂದಿಲ್ಲ, ಪೆಡಲ್ ತಳಕ್ಕ ಹೋಗ್ತೈತಿ. ಮೊದಲು ಈಗಿರೋದನ್ನ ಇಟ್ಟು, ಹವಾ ಪೂರ್ತಿ ತೆಗೆದು ನೋಡ್ರಿ. ಪೆಡಲ್ ಅರ್ಧಕ್ಕಿಂತ ಕೆಳಗ ಹೋದ್ರ ಮಾತ್ರ ಒಂದು ಸೈಜು ಮ್ಯಾಲ ಹೋಗ್ರಿ. ಹಿಂದಿನ ಲೈನಿಗೆ ಪ್ರೆಷರ್ ಕಡಿಮಿ ಮಾಡೋ, ಕೈಯಿಂದ ತಿರುವಿ ಹೊಂದಿಸೋ ಪ್ರೊಪೋರ್ಷನಿಂಗ್ ವಾಲ್ವ್ ಬೇಕು. ಮುಂದಿನ ಗಾಲಿಗಿಂತ ಮೊದಲು ಹಿಂದಿನವು ಲಾಕ್ ಆದ್ರ ಗಾಡಿ ತಿರುಗಿ ನಿಲ್ತೈತಿ. ಹ್ಯಾಂಡ್ ಬ್ರೇಕಿಗೆ ಏನ್ ಮಾಡೀರಿ ಅದನ್ನೂ ಹೇಳ್ರಿ.

ಶೆಟ್ರು, ಕೋಥ್ರೂಡ್: ಹಾಗಲ್ಲ ಮೇಸ್ತ್ರಿಗಳೇ. ನಾನು ದೊಡ್ಡದು ಹಾಕ್ಸಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಉಂಟು.

ಪಾಟೀಲ, ಹಡಪ್ಸರ್: ಕಲ್ಲಿನಂಗ ನಿಲ್ಲೋದು ಗಾಡಿನೋ ಪೆಡಲ್ಲೋ ಶೆಟ್ರ?

ಶೆಟ್ರು, ಕೋಥ್ರೂಡ್: ನಿಮ್ಮ ಹತ್ರ ಕೇಳಿದ್ದಲ್ಲ ಮಾರಾಯ್ರೆ.

ರಮೇಶ್, ಪನ್ವೇಲ್: ಸರ್ ಎಷ್ಟು ಸೈಜ್ ಹಾಕಬೇಕು?

ಮೇಸ್ತ್ರಿ: ಯಾವ ಗಾಡಿ?

ಶಿವು, ಚಿಂಚ್ವಡ್: ಕಾಕಾ, ನಂದು ಹಳೆ ಡೀಸೆಲ್ ಜೀಪು. ನಾಲ್ಕೂ ಡ್ರಮ್ ಇತ್ತು, ಈಗ ನಾಲ್ಕೂ ಡಿಸ್ಕ್. ಮಾಸ್ಟರ್ ಸಿಲಿಂಡರ್ ಹಳೇದೇ ಇದೆ, ಫ್ಲೋರ್ ಕೆಳಗೆ, ಅದರಿಂದ ಒಂದೇ ಪೈಪ್ ಹೊರಡುತ್ತೆ. ಬೂಸ್ಟರ್ ಇಲ್ಲ. ಭೋರ್ ದಾಟೋವರೆಗೂ ಸರಿ ಇತ್ತು. ವರಂಧ ಘಾಟಿನಲ್ಲಿ ಬ್ರೇಕ್ ತಾನೇ ಹಿಡ್ಕೊಂಡು ಗಾಡಿ ಭಾರ ಆಗೋಕೆ ಶುರುವಾಯ್ತು, ನ್ಯೂಟ್ರಲ್‌ನಲ್ಲೂ ಉರುಳ್ತಿರಲಿಲ್ಲ, ಸುಟ್ಟ ವಾಸನೆ. ಗಾಲಿ ಹತ್ರ ಹವಾ ತೆಗೆಯೋ ನಿಪ್ಪಲ್ ಸಡಿಲಿಸಿದ್ರೆ ಎಣ್ಣೆ ಚಿಮ್ಮಿ ಗಾಲಿ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ. ಪ್ಯಾಡ್ ಹೊಸದು, ಸೆಟ್ ಆಗುತ್ತೆ ಅಂತಾರೆ ಹಾಕಿದವರು. ಬರೋ ವಾರ ಮನೆಯವರನ್ನ ಕರ್ಕೊಂಡು ಆಂಬೋಲಿ ಇಳಿದು ಗೋವಾಕ್ಕೆ ಹೋಗೋದಿದೆ.

ಮೇಸ್ತ್ರಿ: ಶಿವು, ಆ ಗಾಡಿ ಆಂಬೋಲಿ ಇಳಿಸಬ್ಯಾಡ. ಬಸ್ಸಿನ್ಯಾಗ ಹೋಗ್ರಿ.

ಪ್ಯಾಡ್ ಸೆಟ್ ಆಗೂದು ಬ್ಯಾರೆ. ನಿಪ್ಪಲ್ ಬಿಚ್ಚಿದಾಗ ಎಣ್ಣಿ ಚಿಮ್ಮಿತು ಅಂದ್ರ ಕಾಲು ತೆಗೆದ ಮ್ಯಾಲೂ ಲೈನಿನ್ಯಾಗ ಪ್ರೆಷರ್ ಉಳದೈತಿ. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನೊಳಗ ಪ್ರೆಷರ್ ಹಿಡಿಯೋ ಒಂದು ಸಣ್ಣ ವಾಲ್ವ್ ಇರ್ತೈತಿ. ಡ್ರಮ್ಮಿನೊಳಗಿನ ವ್ಹೀಲ್ ಸಿಲಿಂಡರಿನ ರಬ್ಬರ್ ಕಪ್ಪಿನ ತುಟಿ ಮಡಚಿ ಹವಾ ಒಳಗ ಹೋಗಬಾರದಂತ ಸುಮಾರು 10 ಪಿಎಸ್‌ಐ ಪ್ರೆಷರ್ ಉಳಿಸ್ತೈತಿ. ಡ್ರಮ್ಮಿನ್ಯಾಗ ಲೈನರ್ ಹಿಂದಕ್ಕ ಎಳ್ಯಾಕ ಸ್ಪ್ರಿಂಗ್ ಅದಾವ, ಹಂಗಾಗಿ ನಡೀತೈತಿ. ಡಿಸ್ಕಿಗೆ ಸ್ಪ್ರಿಂಗ್ ಎಲ್ಲೈತಿ? ಪಿಸ್ಟನ್ ಸುತ್ತಿನ ಚೌಕ ಸೀಲ್ ತಿರುಚಿ ವಾಪಸ್ ಬರೋ ಅಷ್ಟರಾಗ ಪ್ಯಾಡ್ ಕೂದಲೆಳೆ ಸರೀತೈತಿ, ಅಷ್ಟ. 10 ಪಿಎಸ್‌ಐ ಇದ್ರ ಅದೂ ಸರಿಯೂದಿಲ್ಲ. ಪ್ಯಾಡ್ ಉಜ್ಜಿ ಉಜ್ಜಿ ಕಾಯ್ತೈತಿ, ಎಣ್ಣಿ ಕಾಯ್ತೈತಿ. ನೀರು ಹೀರಿದ ಹಳೆ ಡಾಟ್ 3 ಬ್ರೇಕ್ ಎಣ್ಣಿ ಸುಮಾರು 140 ಡಿಗ್ರಿಗೆ ಕುದೀತೈತಿ. ಕುದ್ದ ಮ್ಯಾಲ ಪೈಪಿನ್ಯಾಗ ಆವಿ, ಪೆಡಲ್ ಒತ್ತಿದ್ರ ಕಾಲು ಸೀದಾ ಫ್ಲೋರಿಗೆ. ಒಂದೇ ಸರ್ಕ್ಯೂಟ್ ಅಂತೀ, ಒಂದು ಹೋಸ್ ಒಡದ್ರೂ ನಾಲ್ಕೂ ಗಾಲಿ ಹೋದ್ವು.

ಎರಡನೇ ಅನುಮಾನ ಪುಶ್ ರಾಡ್, ಅಂದ್ರ ಪೆಡಲಿನಿಂದ ಸಿಲಿಂಡರಿನ ಪಿಸ್ಟನ್ ತಳ್ಳೋ ಕೋಲು. ಪೆಡಲ್ ಪೂರ್ತಿ ಮ್ಯಾಲ ಬಂದಾಗ ರಾಡಿಗೂ ಪಿಸ್ಟನ್ನಿಗೂ ನಡುವ ಒಂಚೂರು ಆಟ ಇರಬೇಕು. ಇಲ್ಲಂದ್ರ ಕಪ್ ಹೋಗಿ ರಿಸರ್ವಾಯರಿನ ಸಣ್ಣ ತೂತು ಮುಚ್ಚತೈತಿ. ಕಾದು ಉಬ್ಬಿದ ಎಣ್ಣಿಗೆ ವಾಪಸ್ ಹೋಗಾಕ ದಾರಿ ಇಲ್ಲ, ತಾನ ಬ್ರೇಕ್ ಹಿಡೀತೈತಿ.

ಹಿಂಗ ನೋಡು. ಸಪಾಟ ಜಾಗದಾಗ, ಗಾಲಿಗೆ ಕಲ್ಲು ಕೊಟ್ಟು, ಗಾಲಿ ಬಿಗಿ ಆಗೋತನಕ ಬ್ರೇಕ್ ಒತ್ತಿ ಬಿಡು. ಜಾಮ್ ಆದಾಗ ಪೆಡಲ್ ಕೈಲೆ ಮ್ಯಾಲೆತ್ತು. ಗಾಲಿ ಬಿಟ್ರ ರಾಡ್. ಬಿಡಲಿಲ್ಲಂದ್ರ ಮಾಸ್ಟರ್ ಸಿಲಿಂಡರಿನ ಪೈಪ್ ನಟ್ ಒಂಚೂರು ಸಡಿಲಿಸು. ಈಗ ಬಿಟ್ರ ದೋಷ ಸಿಲಿಂಡರಿನೊಳಗ. ಆಗಲೂ ಬಿಡದೇ, ಗಾಲಿ ಹತ್ರದ ನಿಪ್ಪಲ್ ಸಡಿಲಿಸಿದಾಗ ಬಿಟ್ರ ರಬ್ಬರ್ ಹೋಸ್ ಒಳಗ ಉಬ್ಬೈತಿ. ನಿಪ್ಪಲ್ ಬಿಚ್ಚಿದ್ರೂ ಬಿಡಲಿಲ್ಲಂದ್ರ ಪಿಸ್ಟನ್ ಅಥವಾ ಕ್ಯಾಲಿಪರ್ ಸರಿಯೋ ಸ್ಲೈಡ್ ಪಿನ್ ಹಿಡದೈತಿ. ಕಣ್ಣಿಗೆ ಎಣ್ಣಿ ಹಾರದಂಗ ನೋಡ್ಕೊ, ಪೇಂಟ್ ಮ್ಯಾಲ ಬಿದ್ರ ನೀರಿಂದ ತೊಳಿ.

ಶೆಟ್ರು, ಕೋಥ್ರೂಡ್: ಫಾರ್ವರ್ಡ್ ಬಂದದ್ದು: ‘ಘಾಟ್ ಇಳಿಯುವಾಗ ಬ್ರೇಕ್ ಹಿಡಿದರೆ ಡಿಸ್ಕಿಗೆ ಒಂದು ಬಾಟ್ಲಿ ನೀರು ಹಾಕಿ. ಬ್ರೇಕ್ ಆಯಿಲ್‌ಗೆ ಸ್ವಲ್ಪ ಪವರ್ ಸ್ಟೇರಿಂಗ್ ಆಯಿಲ್ ಸೇರಿಸಿದರೆ ಜಾಮ್ ಆಗುವುದಿಲ್ಲ. ಎಲ್ಲರಿಗೂ ಕಳಿಸಿ.’

ಮೇಸ್ತ್ರಿ: ಯಾರಿಗೂ ಕಳಿಸಬ್ಯಾಡ್ರಿ. ಬ್ರೇಕ್ ಎಣ್ಣಿ ಗ್ಲೈಕಾಲ್, ಅದರ ಸೀಲಿನ ರಬ್ಬರಿಗೆ ಪೆಟ್ರೋಲಿಯಂ ಎಣ್ಣಿ ತಾಗಿದ್ರ ಉಬ್ಬತೈತಿ. ಉಬ್ಬಿದ ಕಪ್ ಅದೇ ಸಣ್ಣ ತೂತು ಮುಚ್ಚತೈತಿ. ಜಾಮ್ ಬಿಡಿಸೂದಲ್ಲ, ಜಾಮ್ ಮಾಡೂದು! ಕೆಂಪಗ ಕಾದ ಡಿಸ್ಕಿಗೆ ನೀರು ಹಾಕಿದ್ರ ಸೊಟ್ಟ ಆಗ್ತೈತಿ, ಇಲ್ಲ ಸೀಳ್ತೈತಿ. ಅಡ್ಮಿನ್ ಏನ್ ಹೇಳ್ಯಾರ ಓದ್ರಿ.

ಶೆಟ್ರು, ಕೋಥ್ರೂಡ್: ಒಳ್ಳೇದಕ್ಕೆ ಹಾಕಿದ್ದು. ಅಷ್ಟು ಕೋಪ ಯಾಕೆ?

ರಮೇಶ್, ಪನ್ವೇಲ್: ಸರ್ ಎಷ್ಟು ಸೈಜ್? ಪ್ಲೀಸ್.

ಗುರು, ಮಡಗಾಂವ್: ನಮ್ಮ ಕಡೆ ಉಪ್ಪು ಗಾಳಿಗೆ ಬ್ರೇಕ್ ಪೈಪ್ ತುಕ್ಕು ಹಿಡಿಯುತ್ತೆ. ತಾಮ್ರದ ಪೈಪ್ ಹಾಕಬಹುದಾ?

ವಿನಯ್, ಹಿಂಜವಡಿ: ಇದಕ್ಕೆಲ್ಲ ಆರ್‌ಟಿಓ ಪರ್ಮಿಷನ್ ಬೇಕಾ?

ಪಾಟೀಲ, ಹಡಪ್ಸರ್: ಯಾರ್ ಬಗ್ಗಿ ಗಾಲಿ ಒಳಗ ನೋಡ್ತಾರ್ರಿ. ಹಾಕಸ್ರಿ.

ಸುಮಾ, ಔಂಧ್: ನೋಡ್ತಾರೆ ಪಾಟೀಲರೆ, ಅಪಘಾತ ಆದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ನೋಡ್ತಾರೆ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಓದಿ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆ ನಡೆಯೋಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಪಾಟೀಲ, ಹಡಪ್ಸರ್: ಬ್ರೇಕ್ ಇನ್ನೂ ಚಲೋ ಮಾಡೋದು ತಪ್ಪಂತೀರೇನು ಅಕ್ಕಾ?

ಸುಮಾ, ಔಂಧ್: ಶಿವು ಅವರ ಜೀಪಿನ ಬ್ರೇಕ್ ಚಲೋ ಆಯ್ತಾ? ಹಾಕಿದವರು ಹಾಗೇ ಹೇಳಿರ್ತಾರೆ.

ಪಾಟೀಲ, ಹಡಪ್ಸರ್: ವಕೀಲರ ಗ್ರೂಪ್ ಬ್ಯಾರೆ ಐತಿ.

ಅಡ್ಮಿನ್: ಇಬ್ರೂ ನಿಲ್ಸಿ.

ಮೇಸ್ತ್ರಿ: ಅಕ್ಕಾರು ಹೇಳಿದ್ದು ಖರೆ. ಆರ್‌ಟಿಓಕ್ಕ ಕೇಳಿ, ಬರವಣಿಗೆಯಾಗ ತಗೊಂಡು ಮಾಡಸ್ರಿ.

ರಮೇಶ್, ಪನ್ವೇಲ್: ನಂಗೆ ಯಾರೂ ಉತ್ತರ ಕೊಡ್ತಿಲ್ಲ. ಬರೀ ಸೈಜ್ ಹೇಳಿದ್ರೆ ಸಾಕು.

ಮೇಸ್ತ್ರಿ: ಗಾಡಿ ಹೇಳದ ಸೈಜು ಹೇಳಾಕ ನಾ ಜ್ಯೋತಿಷಿ ಅಲ್ಲ.

ಶಿವು, ಚಿಂಚ್ವಡ್: ಕಾಕಾ ನೋಡಿದೆ. ಪೆಡಲ್ ಎತ್ತಿದ್ರೆ ಬಿಡಲಿಲ್ಲ, ರಾಡ್ ಆಟ ಇದೆ. ಸಿಲಿಂಡರ್ ನಟ್ ಸಡಿಲಿಸಿದ ಕೂಡಲೇ ನಾಲ್ಕೂ ಗಾಲಿ ಬಿಟ್ಟವು. ಒಳಗಿನ ಆ ವಾಲ್ವ್ ಒಂದನ್ನ ಕಿತ್ತು ಹಾಕಿದ್ರೆ ಸಾಕಲ್ವಾ? ಆಂಬೋಲಿ ಹೋಗಿ ಬರೋವರೆಗೆ?

ಮೇಸ್ತ್ರಿ: ಸಾಲೂದಿಲ್ಲ. ಕಿತ್ತಿ ಅಂದ್ರ, ಸಿಲಿಂಡರ್ ಕ್ಯಾಲಿಪರಿಗಿಂತ ಕೆಳಗ ಐತಿ, ಎಣ್ಣಿ ವಾಪಸ್ ಇಳದು ಮೊದಲ ಒತ್ತು ಖಾಲಿ ಹೋಗ್ತೈತಿ. ಅಲ್ಲೇ ಇಡೂದಾದ್ರ ಡಿಸ್ಕಿನ 2 ಪಿಎಸ್‌ಐ ವಾಲ್ವ್ ಬೇಕು. ನಿನಗ ನಾ ಹೇಳೂದು ಇಷ್ಟು: ಪೆಡಲ್ ಮ್ಯಾಲಿಂದ ತೂಗುಬಿಟ್ಟು, ಬೂಸ್ಟರ್ ಹಿಂದಿಟ್ಟು, ಡಿಸ್ಕ್-ಡಿಸ್ಕಿನ ಎರಡು ಸರ್ಕ್ಯೂಟಿನ ಸಿಲಿಂಡರ್ ಹಾಕಸು. ಡಿಸ್ಕಿಗೆ ಡ್ರಮ್ಮಿನಂಗ ತನ್ನಷ್ಟಕ್ಕ ಕಚ್ಚೋ ಗುಣ ಇಲ್ಲ, ಬರೇ ಕಾಲಿನ ಬಲದಾಗ ನಿಲ್ಲಸೂದು ಕಷ್ಟ. ಡೀಸೆಲ್ ಎಂಜಿನ್ನಿಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸಿಗೂದಿಲ್ಲ, ಹಿಂದ ವ್ಯಾಕ್ಯೂಮ್ ಪಂಪ್ ಇರೋ ಆಲ್ಟರ್ನೇಟರ್ ನಾನಾ ಪೇಠದಾಗ ಕೇಳು. ಕ್ಯಾಲಿಪರ್ ಪಿಸ್ಟನ್ ಅಳತಿ ಕಳಸು; 22.22 ಅಥವಾ 25.4, ಎರಡರಾಗ ಒಂದು ಬರ್ತೈತಿ, ಬೂಸ್ಟರ್ ನೋಡಿ ಹೇಳ್ತೀನಿ. ಕ್ಯಾಲಿಪರ್ ನಿಪ್ಪಲ್ ಮ್ಯಾಲ ಅದಾವೋ ಕೆಳಗೋ ಅದನ್ನೂ ಫೋಟೋ ಹಾಕು; ಕೆಳಗಿದ್ರ ಎಡದ್ದು ಬಲಕ್ಕ ಕೂಡ್ಸ್ಯಾರ, ಹವಾ ಜನ್ಮದಾಗ ಹೊರಗ ಬರೂದಿಲ್ಲ.

ಶಿವು, ಚಿಂಚ್ವಡ್: ಎರಡು ಕೆಳಗಿದಾವೆ ಕಾಕಾ.

ಮೇಸ್ತ್ರಿ: ಗಾಡಿ ಹೊರಗ ತೆಗೀಬ್ಯಾಡ. ಟೋ ಮಾಡಿಸಿ ತಗೊಂಡ್ ಬಾ, ಮಂಗಳವಾರ ಸಂಜಿಕ್ಕ.