9ನೇ ಕ್ಲಾಸಿಗೆ ಬಂದರೂ ಗಣಿತ ಬರ್ತಿಲ್ಲ, ನೀವೇನು ಮಾಡಿದಿರಿ?

ಹಾವೇರಿ ಹತ್ತಿರದ ಹಳ್ಳಿಯಿಂದ: ಮಗಳು ಸರ್ಕಾರಿ ಹೈಸ್ಕೂಲು, 9ನೇ ಕ್ಲಾಸ್. ಗಣಿತದ ಸರ್‌ಗೆ ವರ್ಗವಾಯಿತು, ಎರಡು ತಿಂಗಳು ಬಿಟ್ಟು ಅತಿಥಿ ಶಿಕ್ಷಕರು ಬಂದರು. ಕಿರುಪರೀಕ್ಷೆಯಲ್ಲಿ 20ಕ್ಕೆ 4. ಹುಬ್ಬಳ್ಳಿಯ ಪ್ರೈವೇಟ್ ಶಾಲೆಗೆ ಹಾಕಿ ಅಂತಾರೆ ಎಲ್ಲರೂ. ಇದನ್ನು ದಾಟಿದವರು ಹೇಳಿ.

ರಾಣೆಬೆನ್ನೂರು: ಅಕ್ಕಾ, ಶಾಲೆ ಬದಲಿಸೋ ಮೊದಲು ಕೊಂಡಿ ಎಲ್ಲಿ ಕಳಚಿದೆ ಅಂತ ನೋಡಿ. ನನ್ನ ಮಗನನ್ನೂ ಮೊದಲು ಟ್ಯೂಷನ್‌ಗೆ ಹಾಕಿದ್ದೆ, ಅಲ್ಲೂ ಅದೇ 9ನೇ ಕ್ಲಾಸಿನ ಲೆಕ್ಕ, ಸೂತ್ರ ಎಲ್ಲ ಗಟಗಟ ಹೇಳ್ತಿದ್ದ. ಒಂದಿನ ಸುಮ್ನೆ 618ನ್ನು 6ರಿಂದ ಭಾಗಿಸು ಅಂದೆ. 13 ಅಂತ ಬರೆದ! ನಡುವಿನ ಸೊನ್ನೆ ನುಂಗಿಬಿಟ್ಟಿದ್ದ. ಅವನ 5ನೇ ಕ್ಲಾಸ್ ಪೂರ್ತಿ ಕೊರೊನಾದಲ್ಲೇ ಹೋಗಿತ್ತು, ಸರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಟ್ಯೂಷನ್ ಬಿಡಿಸಿ, 5ನೇ ಕ್ಲಾಸಿನ ಪುಸ್ತಕ ತಂದು ದಿನಾ ಸಂಜೆ ಅರ್ಧ ಗಂಟೆ ಕೂರಿಸಿದೆ. ನಾಚಿಕೆ ಅಂತ ಪುಸ್ತಕಕ್ಕೆ ಪೇಪರ್ ರಟ್ಟು ಹಾಕಿಕೊಂಡಿದ್ದ ಪಾಪ. ಮೂರು ತಿಂಗಳಿಗೆ 20ಕ್ಕೆ 11 ಬಂತು. ಜಾಸ್ತಿ ಅಲ್ಲ, ಆದರೆ ಅವನದೇ ಲೆಕ್ಕ.

ಬ್ಯಾಡಗಿ: ಹಾಜರಿನೂ ನೋಡ್ರಿ. ಜನವರಿ ಬಂತಂದರೆ ನಮ್ಮ ಕಡೆ ಮಕ್ಕಳೂ ಮೆಣಸಿನಕಾಯಿ ಬಿಡಿಸೋಕೆ ಹೋಗ್ತಾರೆ. ನಾನೂ ಮಗಳನ್ನು ಕರೆದೊಯ್ದಿದ್ದೆ, ಸುಳ್ಳು ಯಾಕೆ ಹೇಳಲಿ. ವಾಪಸ್ ಹೋದಾಗ ಎರಡು ಪಾಠ ಮುಗಿದಿದ್ದವು, ಅದನ್ನು ಮತ್ತೆ ಹೇಳಿಕೊಡೋರು ಯಾರು? ಎಸ್ಸೆಸ್ಸೆಲ್ಸಿಗೆ 75% ಹಾಜರಿ ಬೇಕೇ ಬೇಕು.

ಧಾರವಾಡ: ಫ್ಲೆಕ್ಸ್ ಮೇಲಿನ ರಿಸಲ್ಟ್ ನೋಡಿ ಶಾಲೆ ಆರಿಸಬೇಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89%. ಮರುವರ್ಷ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ಗ್ರೇಸ್ ಅಂಕ ಹೆಚ್ಚಿಸಿ ಕೊಟ್ಟರೂ 73.40%ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರಾ? ನಿಮ್ಮ ಮಗಳಿಗೆ ಇನ್ನೂ ಟೈಮ್ ಇದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬೇರೆ. ಆದರೆ ಗಣಿತದ ಸರ್ ವಿಷಯ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾ ಸಮಿತಿ) ಸಭೆಯಲ್ಲಿ ಎತ್ತಿ, ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ.

ಕೇಳಿದವರು: ನಿನ್ನೆ ರಾತ್ರಿ 618 ಕೊಟ್ಟೆ. 103 ಅಂತ ಸರಿಯಾಗೇ ಬರೆದಳು! ಆಮೇಲೆ ಮೈನಸ್ 7ಕ್ಕೆ 3 ಕೂಡಿಸು ಅಂದೆ, ಮೈನಸ್ 10 ಅಂದಳು. 6ನೇ ಕ್ಲಾಸಿನ ಹಳೇ ಗಣಿತ ಪುಸ್ತಕ ಯಾರ ಹತ್ತಿರಾನಾ ಇದೆಯಾ?