ಜೆಟ್‌ಗೆ ಒಗ್ಗಿದ ಕೈಗೆ ವೈಕೌಂಟ್ ಏಕೆ ಒಲಿಯುತ್ತಿಲ್ಲ?

ಕೇಳಿದವರು:
ಎರಡು ವರ್ಷಗಳಿಂದ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಜೆಟ್ ವಿಮಾನಗಳನ್ನೇ ಹಾರಿಸುತ್ತಿದ್ದೇನೆ. ಇಳಿಸುವುದರಲ್ಲಿ ಕೈ ಕುದುರಿದೆ ಎಂದುಕೊಂಡಿದ್ದೆ. ಹಳೆಯ ಟರ್ಬೋಪ್ರಾಪ್‌ಗಳ, ಅಂದರೆ ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸುವ ವಿಮಾನಗಳ, ಮೇಲೆ ಆಸೆಯಾಗಿ ಕಳೆದ ತಿಂಗಳು ವಿಕರ್ಸ್ ವೈಕೌಂಟ್ ಶುರು ಮಾಡಿದೆ. ರನ್‌ವೇಯಿಂದ ಮೂವತ್ತು ಅಡಿ ಮೇಲಿರುವಾಗ, ಜೆಟ್‌ನಲ್ಲಿ ಮಾಡುವಂತೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಲಿವರನ್ನು, ಅಂದರೆ ಥ್ರಾಟಲನ್ನು, ಪೂರ್ತಿ ಹಿಂದಕ್ಕೆಳೆದರೆ ಮೂಟೆ ಎತ್ತಿ ಹಾಕಿದಂತೆ ಬೀಳುತ್ತದೆ. ಎರಡರ ಒಳಗೂ ಇರುವುದು ಬಿಸಿ ಗಾಳಿಗೆ ತಿರುಗುವ ಟರ್ಬೈನೇ ಅಲ್ಲವೇ? ಮತ್ತೇಕೆ ಇಷ್ಟು ಅಂತರ? ಇದನ್ನು ಬಿಟ್ಟು ಲಾಕ್‌ಹೀಡ್ ಎಲೆಕ್ಟ್ರಾ ಎಂಬ ಇನ್ನೊಂದು ಟರ್ಬೋಪ್ರಾಪ್‌ನಿಂದ ಆರಂಭಿಸಲೇ? ಬಲ್ಲವರು ಹೇಳಿ.

ಸಿಮ್ಯುಲೇಟರ್ ಹವ್ಯಾಸಿಯೊಬ್ಬರು:
ನಾನೂ ಹೀಗೆಯೇ ಹತ್ತಿಪ್ಪತ್ತು ಸಲ ಎತ್ತಿ ಹಾಕಿದ್ದೇನೆ. ಚಕ್ರ ನೆಲ ಮುಟ್ಟುವವರೆಗೆ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ. ಥ್ರಾಟಲನ್ನು ಒಂದೇ ಏಟಿಗೆ ಎಳೆಯದೆ, ಒಲೆಯ ಉರಿ ತಗ್ಗಿಸುವ ಹಾಗೆ ನಿಧಾನವಾಗಿ ತಗ್ಗಿಸಿ. ಕಾರಣ ಕೇಳಬೇಡಿ, ನನಗೆ ಗೊತ್ತಿರುವುದು ಇಷ್ಟೇ.

ಡಾರ್ಟ್ ಎಂಜಿನ್‌ಗಳ ಮೇಲೆ ಕೆಲಸ ಮಾಡಿದ ನಿವೃತ್ತ ತಂತ್ರಜ್ಞರು:
ಕಾರಣ ನಾನು ಹೇಳುತ್ತೇನೆ. ಒಳಗಿನ ಟರ್ಬೈನ್ ಎರಡಕ್ಕೂ ಒಂದೇ ಜಾತಿಯದು, ನಿಜ. ಬೇರೆಯಾಗುವುದು ಅದು ಯಾರಿಗಾಗಿ ದುಡಿಯುತ್ತದೆ ಎಂಬುದರಲ್ಲಿ. ಶುದ್ಧ ಜೆಟ್‌ನಲ್ಲಿ ಟರ್ಬೈನ್ ಒಳಬರುವ ಗಾಳಿಯನ್ನು ಒತ್ತುವ ತನ್ನ ಕಂಪ್ರೆಸರನ್ನು ತಿರುಗಿಸುವಷ್ಟು ಶಕ್ತಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಉಳಿದದ್ದೆಲ್ಲ ಬಿಸಿ ಗಾಳಿಯಾಗಿ ಹಿಂದಕ್ಕೆ ಚಿಮ್ಮಿ ವಿಮಾನವನ್ನು ನೂಕುತ್ತದೆ. ಟರ್ಬೋಪ್ರಾಪ್‌ನಲ್ಲಿ ಆ ಉಳಿದದ್ದರ ಬಹುಪಾಲನ್ನೂ ಟರ್ಬೈನೇ ಹೀರಿ, ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರಿಗೆ ಕೊಡುತ್ತದೆ. ಹಿಂಬದಿಯ ಕೊಳವೆಯಿಂದ ಸಿಗುವ ನೂಕು ಬರೀ ಕೊಸರು.

ನಿಮ್ಮ ವೈಕೌಂಟಿನ ರೋಲ್ಸ್-ರಾಯ್ಸ್ ಡಾರ್ಟ್ ನಿಮಿಷಕ್ಕೆ 15,000 ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ತಿರುಗುವುದು ಸುಮಾರು 1,400 ಸುತ್ತು. ನಡುವಿನ ಗೇರ್‌ಬಾಕ್ಸೇ ನಮ್ಮ ನಿದ್ದೆ ಕೆಡಿಸುತ್ತಿದ್ದ ಪ್ರಾಣಿ. ಎಣ್ಣೆಯ ಫಿಲ್ಟರಿನಲ್ಲಿ ಲೋಹದ ಚೂರು ಕಂಡಿತೆಂದರೆ ಆ ರಾತ್ರಿ ಮನೆಗೆ ಹೋಗುವ ಮಾತಿಲ್ಲ. ಜೆಟ್ ವಿಭಾಗದವರಿಗೆ ಈ ಗೋಳು ಇರಲಿಲ್ಲ, ಅದನ್ನು ನಮಗೆ ಹೇಳಿ ತೋರಿಸದೆಯೂ ಇರುತ್ತಿರಲಿಲ್ಲ.

ಈಗ ನಿಮ್ಮ ಮೂಟೆಯ ವಿಷಯ. ಜೆಟ್‌ನಲ್ಲಿ ಥ್ರಾಟಲ್ ಎಳೆದರೆ ನೂಕು ತಗ್ಗುತ್ತದೆ, ಅಷ್ಟೇ. ವೈಕೌಂಟಿನಲ್ಲಿ ಎಳೆದರೆ ಬ್ಲೇಡುಗಳ ಕೋನ ಚಪ್ಪಟೆಯಾಗಿ, ನಾಲ್ಕು ಪ್ರೊಪೆಲ್ಲರುಗಳೂ ಗಾಳಿಗೆ ಎದುರು ಹಿಡಿದ ತಟ್ಟೆಗಳಂತಾಗುತ್ತವೆ. ಜೊತೆಗೆ ಅವು ಅದುವರೆಗೆ ರೆಕ್ಕೆಯ ಮೇಲೆ ಬೀಸುತ್ತಿದ್ದ ಗಾಳಿಯೂ ತಗ್ಗುತ್ತದೆ. ಅಂದರೆ ನೂಕು ಹೋಯಿತು, ಅಡ್ಡಿ ಬಂತು, ರೆಕ್ಕೆಯ ಎತ್ತುವ ಬಲವೂ ಕುಸಿಯಿತು, ಮೂರೂ ಒಟ್ಟಿಗೆ. ನೆಲ ಮುಟ್ಟಿದ ಮೇಲೆ ಇದೇ ಗುಣ ವರ. ಬ್ಲೇಡುಗಳನ್ನು ಇನ್ನೂ ಚಪ್ಪಟೆ ಮಾಡಿದರೆ ಬ್ರೇಕಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಗಾಳಿಯಲ್ಲಿರುವಾಗ ಮಾತ್ರ ಆ ಕೋನಕ್ಕೆ ಹೋಗಬಾರದು. ಅದಕ್ಕಾಗಿಯೇ ಅಲ್ಲಿ ತಡೆ ಇರುವುದು.

ಗಣಿತ ಕಲಿಸುವವರೊಬ್ಬರು:
ಪ್ರೊಪೆಲ್ಲರಿಗೆ ಇಂಥ ವರವೂ ಇದ್ದರೆ ಎಲ್ಲರೂ ಜೆಟ್‌ಗೆ ಏಕೆ ಹೋದರು ಎಂಬ ಪ್ರಶ್ನೆ ಬರುತ್ತದೆ. ಲೆಕ್ಕ ಹಾಕಿ ನೋಡಿ. ಎಲೆಕ್ಟ್ರಾದ ಪ್ರೊಪೆಲ್ಲರಿನ ವ್ಯಾಸ ಸುಮಾರು 4.1 ಮೀಟರ್, ಸುತ್ತು ನಿಮಿಷಕ್ಕೆ 1,020. ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 220 ಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ವಿಮಾನ ಗಂಟೆಗೆ 600 ಕಿಲೋಮೀಟರ್ ಹೋಗುತ್ತಿದ್ದರೆ ಒಂದಕ್ಕೊಂದು ಲಂಬಕೋನದಲ್ಲಿರುವ ಈ ಎರಡೂ ಕೂಡಿ ತುದಿಯ ವೇಗ ಸೆಕೆಂಡಿಗೆ ಸುಮಾರು 276 ಮೀಟರ್. ಆ ಎತ್ತರದಲ್ಲಿ ಶಬ್ದದ ವೇಗ 310ರ ಆಸುಪಾಸು, ಹಾಗಾಗಿ ತೊಂದರೆಯಿಲ್ಲ. ಅದೇ ಪ್ರೊಪೆಲ್ಲರನ್ನು ಬೋಯಿಂಗ್ 707 ಜೆಟ್ಟಿನಂತೆ ಗಂಟೆಗೆ 900 ಕಿಲೋಮೀಟರ್ ಎಳೆದರೆ ತುದಿ 330 ದಾಟುತ್ತದೆ. ಜೆಟ್‌ಗಳ ಎತ್ತರದಲ್ಲಿ ಶಬ್ದವೇ 300 ಮುಟ್ಟುವುದಿಲ್ಲ. ಅಲ್ಲಿ ಬ್ಲೇಡು ಗಾಳಿಯನ್ನು ಹಿಂದಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ಗದ್ದಲ ಎಬ್ಬಿಸುತ್ತದೆ.

ತಂತ್ರಜ್ಞರು, ಮತ್ತೆ:
ಸೋವಿಯತ್ ಟರ್ಬೋಪ್ರಾಪ್ ಟುಪೊಲೆವ್ ಟು-114 ಅನ್ನು ನೀವು ಮರೆತಿರಿ. ಹಿಂದಕ್ಕೆ ಬಾಗಿದ ರೆಕ್ಕೆ, ಪ್ರತಿ ಎಂಜಿನ್ನಿಗೂ ಒಂದರ ಹಿಂದೊಂದು ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್, ವೇಗ ಗಂಟೆಗೆ 700 ಕಿಲೋಮೀಟರ್ ದಾಟಿ. ನೀವು ಹೇಳಿದ ಗದ್ದಲವನ್ನೂ ಅದು ಬಿಟ್ಟಿರಲಿಲ್ಲ ಎನ್ನಿ.

ಎರಡೂ ಬಗೆಯನ್ನು ಹಾರಿಸಿರುವ ಮಾಜಿ ಪೈಲಟ್:
ಎಲೆಕ್ಟ್ರಾದಿಂದ ಆರಂಭಿಸಬೇಡಿ. ಅದರ ಆಲಿಸನ್ ಎಂಜಿನ್ ಹಾರುವಾಗ ಸದಾ ಒಂದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಲಿವರ್ ತಳ್ಳಿದರೆ ಇಂಧನ ಹೆಚ್ಚುತ್ತದೆ, ಬ್ಲೇಡಿನ ಕೋನ ಬದಲಾಗುತ್ತದೆ, ಶಕ್ತಿ ಆ ಕ್ಷಣಕ್ಕೇ ಕೈಗೆ ಸಿಗುತ್ತದೆ. ಮೊದಲ ತಲೆಮಾರಿನ ಜೆಟ್‌ಗಳಲ್ಲಿ ತಳ್ಳಿದ ಮೇಲೆ ಎಂಜಿನ್ ವೇಗ ಹಿಡಿಯುವವರೆಗೆ ಏಳೆಂಟು ಸೆಕೆಂಡು ಕಾಯಬೇಕಿತ್ತು. ಇಳಿಯುವಾಗ ಅದು ಒಂದು ಯುಗ. ಆದರೆ ಬೇಗ ಕೊಡುವ ಎಂಜಿನ್ ಬೇಗ ಕಸಿದುಕೊಳ್ಳುತ್ತದೆ ಕೂಡ. ಎಲೆಕ್ಟ್ರಾದ ರೆಕ್ಕೆಯ ಬಹುಭಾಗ ಪ್ರೊಪೆಲ್ಲರಿನ ಗಾಳಿಯಲ್ಲೇ ಮುಳುಗಿರುತ್ತದೆ. ನಿಮ್ಮ ಈಗಿನ ಅಭ್ಯಾಸದಲ್ಲಿ ವೈಕೌಂಟಿಗಿಂತ ಜೋರಾಗಿ ಬೀಳುತ್ತೀರಿ.

ಎಂಜಿನ್ ಕೆಟ್ಟರೂ ಹಾಗೆಯೇ. ಜೆಟ್‌ನಲ್ಲಿ ಕೆಟ್ಟ ಎಂಜಿನ್ ಹೆಚ್ಚುಕಡಿಮೆ ಸುಮ್ಮನೆ ಕೂರುತ್ತದೆ. ಇಲ್ಲಿ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಾ ವಿಮಾನವನ್ನು ಒಂದು ಕಡೆಗೆ ಎಳೆಯುತ್ತದೆ. ಬ್ಲೇಡಿನ ಅಂಚನ್ನು ಗಾಳಿಗೆ ನೇರ ಮಾಡುವುದು, ಅಂದರೆ ಫೆದರ್ ಮಾಡುವುದು, ಮೊದಲ ಕೆಲಸ. ಸಿಮ್ಯುಲೇಟರಿನಲ್ಲಿ ಅದನ್ನು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿ.

ಇನ್ನೊಂದು ಮಾತು. ಎಲೆಕ್ಟ್ರಾ ಸೇವೆಗೆ ಬಂದದ್ದು 1959ರ ಜನವರಿಯಲ್ಲಿ, 707 ಬಂದು ಮೂರು ತಿಂಗಳೂ ಆಗಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಮತ್ತು 1960ರ ಮಾರ್ಚಿನಲ್ಲಿ ಎರಡು ಎಲೆಕ್ಟ್ರಾಗಳ ರೆಕ್ಕೆ ಗಾಳಿಯಲ್ಲೇ ಕಿತ್ತುಬಂತು. ಎಂಜಿನ್ನಿನ ಆಧಾರ ಸಡಿಲವಾದರೆ, ಬುಗುರಿಯಂತೆ ಸುತ್ತುವ ಪ್ರೊಪೆಲ್ಲರ್ ತೂಗಾಡತೊಡಗಿ, ಆ ತೂಗಾಟ ರೆಕ್ಕೆಯ ಕಂಪನದ ತಾಳಕ್ಕೆ ಕೂಡಿಕೊಳ್ಳುತ್ತಿತ್ತು. ಆಧಾರಗಳನ್ನೂ ರೆಕ್ಕೆಯನ್ನೂ ಬಲಪಡಿಸಿದ ಮೇಲೆ ವಿಮಾನ ಸರಿಹೋಯಿತು, ಆದರೆ ಪ್ರಯಾಣಿಕರ ಮನಸ್ಸು ಅಷ್ಟರಲ್ಲಿ ಜೆಟ್ ಕಡೆ ತಿರುಗಿತ್ತು. ಒಟ್ಟು ತಯಾರಾದದ್ದು 170.

ಪ್ರಯಾಣಿಕರಾಗಿ ಮಾತ್ರ ಕೂತವರೊಬ್ಬರು:
ತಾಂತ್ರಿಕ ವಿಷಯ ನನಗೆ ತಿಳಿಯದು. ಟರ್ಬೋಪ್ರಾಪ್‌ನಲ್ಲಿ ಪ್ರೊಪೆಲ್ಲರಿನ ನೇರಕ್ಕಿರುವ ಸಾಲಿನಲ್ಲಿ ಮಾತ್ರ ಕೂರಬೇಡಿ, ತಲೆಯೊಳಗೆ ಗಿರಣಿ ಓಡಿದಂತಿರುತ್ತದೆ. ವೈಕೌಂಟಿನ ಆ ದೊಡ್ಡ ಅಂಡಾಕಾರದ ಕಿಟಕಿಗಳಂಥವು ಈಗಿನ ಜೆಟ್‌ಗಳಲ್ಲಿ ಎಲ್ಲಿವೆ?

ಕೇಳಿದವರು:
ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಆರು ಸಲ ಇಳಿಸಿದೆ. ಥ್ರಾಟಲ್ ಕೊನೆಯವರೆಗೂ ಸ್ವಲ್ಪ ಮುಂದಿಟ್ಟುಕೊಂಡೆ. ನಾಲ್ಕು ಸಲ ಮೆತ್ತಗೆ ಕೂತಿತು, ಐದನೆಯದು ಅತಿ ಎಚ್ಚರದಿಂದ ಅರ್ಧ ರನ್‌ವೇ ತೇಲಿಕೊಂಡು ಹೋಯಿತು. ಆರನೆಯದರಲ್ಲಿ ಹುಮ್ಮಸ್ಸಿಗೆ ಒಂದು ಎಂಜಿನ್ ನಿಲ್ಲಿಸಿ ನೋಡಿದೆ. ಫೆದರ್ ಗುಂಡಿ ಹುಡುಕುವಷ್ಟರಲ್ಲಿ ಹುಲ್ಲಿನ ಮೇಲಿದ್ದೆ. ಅದು ಎಲ್ಲಿದೆ ಎಂದು ಯಾರಾದರೂ ಹೇಳುತ್ತೀರಾ?