ಮಗಳು ತಾನೇ ಬರೆದ ಅರೇಂಜ್‌ಮೆಂಟನ್ನು ಶಾಲೆಯ ಬ್ಯಾಂಡ್ ಕಾರ್ಯಕ್ರಮದಲ್ಲಿ ನುಡಿಸಲೇ ಅಂತಿದ್ದಾಳೆ. ಅನುಭವ ಇದ್ದವರು ಹೇಳಿ

ಕೇಳಿದವರು: ಹತ್ತನೇ ಕ್ಲಾಸಿನ ಹುಡುಗಿಯ ಅಮ್ಮ, ಬೆಂಗಳೂರು

ಮಗಳು ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ, ಇದು ನಾಲ್ಕನೇ ವರ್ಷ. ಮನೆ ಹತ್ತಿರ ಸಂಗೀತಪಾಠಕ್ಕೂ ಹೋಗುತ್ತಾಳೆ. ರಜೆಯಲ್ಲಿ ತಾನೇ ಕೂತು ಕರ್ನಾಟಕ ಸಂಗೀತದ ಪಾಠದಲ್ಲಿ ಮೊದಮೊದಲು ಕಲಿಸುವ ‘ವರವೀಣಾ’ ಗೀತೆಯನ್ನು ಇಡೀ ಬ್ಯಾಂಡಿಗೆ ಹೊಂದಿಸಿ ಬರೆದಿದ್ದಾಳೆ. ಫ್ಲೂಟ್, ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್, ಡ್ರಮ್ ಎಲ್ಲ ಸೇರಿ 24 ಮಕ್ಕಳು. ವಾರ್ಷಿಕ ಕಾರ್ಯಕ್ರಮಕ್ಕೆ ಇನ್ನು ಏಳು ವಾರ. ಬ್ಯಾಂಡ್ ಮಾಸ್ಟರ್ ನೋಡಿ, “ಚೆನ್ನಾಗಿದೆ. ಆದರೆ ನುಡಿಸೋದು ಬಿಡೋದು ನಿನಗೆ ಬಿಟ್ಟಿದ್ದು, ಮುಂದಿನ ಶನಿವಾರದೊಳಗೆ ಹೇಳು” ಅಂದಿದ್ದಾರೆ. ಅವತ್ತಿಂದ ಇವಳಿಗೆ ನಿದ್ದೆ ಇಲ್ಲ. ಕಂಪ್ಯೂಟರಿನಲ್ಲಿ ಕೇಳಿದರೆ ಸೊಗಸಾಗಿದೆ. ವೇದಿಕೆ ಮೇಲೆ ಕೆಟ್ಟರೆ ತನ್ನಿಂದಾಗಿ ಗೆಳೆಯರ ಮಾನ ಹೋಗುತ್ತದೆ ಅನ್ನುವುದು ಒಂದು ಭಯ, ಪಾಠದ ಮೇಡಂ ಏನಂದುಕೊಳ್ಳುತ್ತಾರೋ ಅನ್ನುವುದು ಇನ್ನೊಂದು. ನನಗೆ ಸಂಗೀತ ಬರುವುದಿಲ್ಲ. ಧೈರ್ಯ ಹೇಳಲೋ, ಈ ಸಲ ಬೇಡ ಅನ್ನಲೋ?

ಕ್ಲಾರಿನೆಟ್ ಹೇಳಿಕೊಡುವವರು, ಬೆಂಗಳೂರು

ಅಮ್ಮಾ, ಮೊದಲು ಮಗಳನ್ನು ಒಂದು ಮಾತು ಕೇಳಿ: ಸ ಎಲ್ಲಿ, ಅಂದರೆ ಯಾವ ಪಾಶ್ಚಾತ್ಯ ಸ್ವರದ ಮೇಲೆ ಇಟ್ಟಿದ್ದೀಯ? ಬಿ ಫ್ಲ್ಯಾಟ್‌ನಲ್ಲಿ ಇಟ್ಟಿರುತ್ತಾಳೆ ಅಂತ ನನ್ನ ಊಹೆ. ಬ್ಯಾಂಡಿನ ಕಲಿಕೆಯ ಪುಸ್ತಕಗಳು ಶುರುವಾಗುವುದೇ ಅಲ್ಲಿಂದ, ಎಲ್ಲರೂ ಅಲ್ಲೇ ಇಡುತ್ತಾರೆ. ನಾನೂ ಇಟ್ಟಿದ್ದೆ.

ಕ್ಲಾರಿನೆಟ್‌ನಲ್ಲಿ ಹಾಳೆಯ ಮೇಲೆ ಸಿ ಅಂತ ಬರೆದದ್ದು ಕಿವಿಗೆ ಬಿ ಫ್ಲ್ಯಾಟ್ ಆಗಿ ಕೇಳಿಸುತ್ತದೆ. ಹಾಗಾಗಿ ಆ ಮಕ್ಕಳ ಹಾಳೆಯಲ್ಲಿ ಸ ಅಂದರೆ ಸಿ. ಗೀತೆ ಶುರುವಾಗುವುದು ‘ಗಗಪಾಪಾ ದಪಸಾಸಾ’ ಅಂತ. ಈಗ ಆ ‘ದಪಸಾ’ದ ಮೇಲೆ ಬೆರಳಿಟ್ಟು ನೋಡಿ. ದ ನುಡಿಸಲು ಎಡಗೈಯ ತೋರುಬೆರಳು ಒಂದು ಕೀಲಿ ಒತ್ತಿದರೆ ಸಾಕು. ಪ ಬಂದಾಗ ಎಲ್ಲ ಬೆರಳೂ ಗಾಳಿಯಲ್ಲಿ, ವಾದ್ಯ ಬರೀ ಹೆಬ್ಬೆರಳಿನ ಆಸರೆಯಲ್ಲಿ ನಿಂತಿರುತ್ತದೆ. ಮುಂದಿನದು ತಾರ ಸ, ಅಂದರೆ ಮೇಲಿನ ಸ್ಥಾಯಿಯ ಸ. ಅದಕ್ಕೆ ಆರು ರಂಧ್ರ ಮುಚ್ಚಬೇಕು, ಕಿರುಬೆರಳಿನಿಂದ ಒಂದು ಕೀಲಿ ಒತ್ತಬೇಕು, ಹಿಂದಿನ ಹೆಬ್ಬೆರಳಿನ ರಂಧ್ರ ಮುಚ್ಚಬೇಕು, ಅದೇ ಹೆಬ್ಬೆರಳಿನ ತುದಿಯಿಂದ ಮೇಲಿನ ಸ್ವರಗಳನ್ನು ಹೊರಡಿಸುವ ರಿಜಿಸ್ಟರ್ ಕೀಲಿಯನ್ನೂ ಒತ್ತಬೇಕು, ಎಲ್ಲ ಒಂದೇ ಕ್ಷಣದಲ್ಲಿ. ಒಂದು ರಂಧ್ರ ಕೂದಲೆಳೆಯಷ್ಟು ತೆರೆದಿದ್ದರೂ ಕೀಚಲು ಹೊರಡುತ್ತದೆ. ಇದಕ್ಕೆ ನಾವು ಬ್ರೇಕ್ ದಾಟುವುದು ಅನ್ನುತ್ತೇವೆ. ನಾಲ್ಕು ವರ್ಷ ನುಡಿಸಿದ ನಿಮ್ಮ ಮಗಳಿಗೆ ಇದು ಗೊತ್ತೂ ಆಗುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಏಳನೇ ಕ್ಲಾಸಿನ ಮಗುವಿಗೆ ಇದು ಬೆಟ್ಟ.

ನಾನು ಮೊದಲ ಸಲ ಒಂದು ದೇವರನಾಮವನ್ನು ಹೀಗೆಯೇ ಬರೆದಿದ್ದೆ. ಆರು ಎಳೆಯ ಮಕ್ಕಳು ಒಟ್ಟಿಗೆ ದಾಟಬೇಕಾದ ಜಾಗದಲ್ಲಿ ನಾಲ್ಕು ಕ್ಲಾರಿನೆಟ್ ಕೀಚಿದವು, ಅದೂ ವೇದಿಕೆ ಮೇಲೆ. ಅವರಲ್ಲೊಬ್ಬ ಆ ವಾರವೇ ವಾದ್ಯ ವಾಪಸ್ ಕೊಟ್ಟುಬಿಟ್ಟ. ತಪ್ಪು ಅವನದಾಗಿರಲಿಲ್ಲ, ಅಲ್ಲಿ ಹಾಗೆ ಬರೆದ ನನ್ನದು. ಆ ಮಾತನ್ನು ಅವನಿಗೆ ನಾನು ಅವತ್ತೇ ಹೇಳಬೇಕಿತ್ತು.

ಪರಿಹಾರ ಇದೆ. ಸ-ವನ್ನು ಎಫ್‌ಗೆ ಇಳಿಸಲಿ. ಆಗ ಕ್ಲಾರಿನೆಟ್ ಹಾಳೆಯಲ್ಲಿ ಸ ಅಂದರೆ ಜಿ. ಕೆಳಗಿನ ಜಿಯಿಂದ ಬೆರಳೆಲ್ಲ ಎತ್ತುವ ಜಿವರೆಗೆ ಇಡೀ ಸ್ಥಾಯಿ ಬ್ರೇಕಿನ ಈಚೆಗೇ ಮುಗಿಯುತ್ತದೆ, ತಾರ ರಿ ಬಂದರೂ ಅದು ಅದೇ ಒಂದು ಕೀಲಿಯ ಸ್ವರ. ಇದಕ್ಕೆ ಬೆಲೆ ತೆರುವವರು ಟ್ರಂಪೆಟ್‌ನವರು. ಅವರಿಗೆ ರಾಗ ತೀರ ಕೆಳಗಾಗಿ ಹೊಳಪು ಹೋಗುತ್ತದೆ. ಹಾಗಾಗಿ ಮೊದಲರ್ಧ ಅವರನ್ನು ಸುಮ್ಮನೆ ಕೂರಿಸಲಿ, ತುಟಿಗೂ ವಿಶ್ರಾಂತಿ ಬೇಕು. ಕೊನೆಯ ಸುತ್ತಿಗೆ ನೀಳ ಸ್ವರ ಹಿಡಿದು ಬರಲಿ. ಅಷ್ಟು ಹೊತ್ತು ಕಾದು ಎದ್ದ ಟ್ರಂಪೆಟ್ ಸಭೆಯನ್ನೇ ನಡುಗಿಸುತ್ತದೆ.

ಕಂಪ್ಯೂಟರಿನಲ್ಲಿ ಸೊಗಸಾಗಿದೆ ಅಂದಿರಿ. ಮ್ಯೂಸ್‌ಸ್ಕೋರ್‌ನಂಥ ಸಾಫ್ಟ್‌ವೇರಿಗೆ ಉಸಿರು ಕಟ್ಟುವುದಿಲ್ಲ. ಅದರಲ್ಲಿ ಮಂದ್ರದ ಫ್ಲೂಟ್ ಟ್ರಂಪೆಟ್ ಪಕ್ಕದಲ್ಲೂ ಕೇಳಿಸುತ್ತದೆ, ನಿಜವಾದ ಕೋಣೆಯಲ್ಲಿ ಮುಳುಗಿಹೋಗುತ್ತದೆ. ಅವಳೇ ಪ್ರತಿ ವಾದ್ಯದ ಹಾಳೆಯನ್ನೂ ಬಾಯಲ್ಲಿ ಹಾಡಿಕೊಂಡು, ಉಸಿರು ಎಲ್ಲಿ ಬೇಕೆನಿಸುತ್ತದೋ ಅಲ್ಲಿ ಗುರುತು ಹಾಕಲಿ.

ತೀರ್ಮಾನದ ವಿಷಯ. ಶನಿವಾರಕ್ಕೆ ಮುಂಚೆ ಎರಡು ಸಲ, ಹತ್ತು ಹತ್ತು ನಿಮಿಷ, ಬ್ಯಾಂಡ್ ಕೈಯಲ್ಲಿ ಓದಿಸಲು ಮಾಸ್ಟರನ್ನು ಕೇಳಲಿ. ಮುಂದಿನ ಸಾಲನ್ನು ಮರೆತು ಕೊನೆಯ ಸಾಲಿನ ಮಕ್ಕಳನ್ನು ನೋಡಲಿ. ಎರಡನೇ ಓದಿಗೆ ಅವರು ಹಾಳೆಯಿಂದ ತಲೆ ಎತ್ತಿ ಮಾಸ್ಟರ್ ಕಡೆ ನೋಡುವಂತಾದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಅವರ ಹಾಳೆ ತೀರ ಕಷ್ಟವಾಗಿದ್ದರೆ ಬರವಣಿಗೆ ಎಷ್ಟೇ ಚೆನ್ನಾಗಿರಲಿ, ಈ ಸಲ ಬೇಡ.

ಸಂಗೀತ ಪಾಠ ಹೇಳುವವರು, ಮೈಸೂರು

ಮೇಡಂ ಏನಂದುಕೊಳ್ಳುತ್ತಾರೋ ಅಂತ ಮಗು ಹೆದರಿದೆಯಲ್ಲ, ಅಂಥ ಒಬ್ಬ ಮೇಡಂ ನಾನೂ. ನನಗೆ ಓದಿ ಖುಷಿಯಾಯಿತು. ಮೋಹನ ರಾಗ ಆರಿಸಿದ್ದೇ ಜಾಣತನ. ತೋಡಿಯನ್ನೋ ಭೈರವಿಯನ್ನೋ ಹಿಡಿದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಅಲ್ಲಿ ಗಮಕವೇ, ಅಂದರೆ ಸ್ವರವನ್ನು ಬಳುಕಿಸುವುದೇ ರಾಗ, ಕೀಲಿ ಒತ್ತಿ ನುಡಿಸುವ ವಾದ್ಯದಲ್ಲಿ ಅದನ್ನು ತರಲು ವರ್ಷಗಟ್ಟಲೆ ಸಾಧನೆ ಬೇಕು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್‌ನಲ್ಲಿ ಅದನ್ನು ತಂದರು, ಅವರಿಗೆ ಆ ವಾದ್ಯದ ಹುಚ್ಚು ಹತ್ತಿದ್ದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಎಲ್ಲ ಮಕ್ಕಳಿಂದ ಅದನ್ನು ಕೇಳಲಾಗದು. ಮೋಹನದ ಗೀತೆ ನೇರ ಸ್ವರದಲ್ಲೂ ತನ್ನ ಮುಖ ಉಳಿಸಿಕೊಳ್ಳುತ್ತದೆ.

ನಾನು ನೋಡುವುದು ಬೇರೆ ಎರಡು ಜಾಗ. ಒಂದು, ರಾಗದ ಕೆಳಗೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಏನು ಹಾಕಿದ್ದಾಳೆ? ಮೋಹನದಲ್ಲಿ ಮ ಇಲ್ಲ, ನಿ ಇಲ್ಲ. ಪಾಶ್ಚಾತ್ಯ ಪದ್ಧತಿಯಂತೆ ಐದನೆಯ ಕಾರ್ಡ್ ಹಾಕಿದರೆ ಪನಿರಿ ಆಗಿ ನಿ ಬಂದು ಕೂರುತ್ತದೆ, ನಾಲ್ಕನೆಯದು ಹಾಕಿದರೆ ಮದಸ ಆಗಿ ಮ. ರಾಗದೊಳಗೇ ನಿಲ್ಲುವ ಪೂರ್ತಿ ಕಾರ್ಡ್ ಎರಡೇ, ಸಗಪ ಮತ್ತು ದಸಗ. ಉಳಿದ ಕಡೆ ಬರೀ ಪ ಮತ್ತು ರಿ ಹಿಡಿದರೂ ತುಂಬು ನಾದ ಬರುತ್ತದೆ. ಇಷ್ಟು ಮಾಡಿದರೆ ಯಾವ ಮೇಡಂ ಕೂಡ ಹುಬ್ಬು ಗಂಟಿಕ್ಕುವುದಿಲ್ಲ. ಎರಡು, ತಾಳ. ಗೀತೆ ರೂಪಕ ತಾಳದಲ್ಲಿದೆ, ಎರಡು ಮತ್ತು ನಾಲ್ಕು ಸೇರಿ ಆರು ಅಕ್ಷರ. ಬ್ಯಾಂಡ್ ಹಾಳೆಯಲ್ಲಿ ಅದು ಮೂರರ ಲೆಕ್ಕವಾಗುತ್ತದೆ, ದೊಡ್ಡ ಡ್ರಮ್ ಮೊದಲನೆಯದಕ್ಕೆ ಧಂ ಅಂದು ಉಳಿದವರು ಚಿಕ್ ಚಿಕ್ ಅಂದರೆ ಪಾಶ್ಚಾತ್ಯರ ವಾಲ್ಟ್ಜ್ ಕುಣಿತ ಆಗಿಬಿಡುತ್ತದೆ. ಡ್ರಮ್ಮಿನ ಹುಡುಗನಿಗೆ ಕೈಯಲ್ಲಿ ತಾಳ ಹಾಕಿ ಹಾಡುವುದನ್ನು ಒಂದು ಸಂಜೆ ಕಲಿಸಲಿ.

ಬ್ಯಾಂಡಿಗೂ ನಮ್ಮ ಸಂಗೀತಕ್ಕೂ ಏನು ಸಂಬಂಧ ಅನ್ನುವವರು ಸಿಕ್ಕೇ ಸಿಗುತ್ತಾರೆ. ಮದರಾಸಿನ ಕೋಟೆಯಲ್ಲಿ ನುಡಿಸುತ್ತಿದ್ದ ಬ್ಯಾಂಡಿನ ಮಟ್ಟುಗಳನ್ನು ಕೇಳಿಯೇ ಮುತ್ತುಸ್ವಾಮಿ ದೀಕ್ಷಿತರು ನೊಟ್ಟುಸ್ವರ ಸಾಹಿತ್ಯ ಬರೆದರು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿಗೂ ಅವರ ಸಂಸ್ಕೃತ ಸಾಹಿತ್ಯವಿದೆ. 1835ರಲ್ಲೇ ತೀರಿಕೊಂಡವರು ಅವರು. ನಮ್ಮ ಊರಿನಲ್ಲಂತೂ ಪೊಲೀಸ್ ಇಲಾಖೆಯ ಕರ್ನಾಟಕ ವಾದ್ಯವೃಂದ, ಇಂಗ್ಲಿಷ್ ಬ್ಯಾಂಡ್ ಎರಡೂ ಇವೆ, ದಸರೆಯಲ್ಲಿ ಅರಮನೆ ಮುಂದೆ ಅವರನ್ನು ಕೇಳಿಯೇ ಬೆಳೆದವರು ನಾವು. ಹುಡುಗಿ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಒಬ್ಬ ತಂದೆ, ಡಲ್ಲಾಸ್ ಹತ್ತಿರ, ಟೆಕ್ಸಸ್

ನಮ್ಮ ಹುಡುಗನದೂ ಇದೇ ಕಥೆ. ಇಲ್ಲಿನ ಹೈಸ್ಕೂಲುಗಳಲ್ಲಿ ಬ್ಯಾಂಡ್ ಅಂದರೆ ದಿನಾ ಒಂದು ಪೀರಿಯಡ್. ವಸಂತದಲ್ಲಿ ಯುಐಎಲ್ ಅನ್ನುವ, ಟೆಕ್ಸಸ್ ಶಾಲೆಗಳ ನಡುವಿನ ಸ್ಪರ್ಧೆ ಇರುತ್ತದೆ, ಅದಕ್ಕೆ ಒಂದು ಮಾರ್ಚ್ ಬಿಟ್ಟು ಉಳಿದ ಕೃತಿಗಳನ್ನು ನಿಗದಿತ ಪಟ್ಟಿಯಿಂದಲೇ ಆರಿಸಬೇಕು. ಹಾಗಾಗಿ ಮಕ್ಕಳು ಬರೆದದ್ದಕ್ಕೆ ಜಾಗ ಸಿಕ್ಕರೆ ಚಳಿಗಾಲದ ಕಾರ್ಯಕ್ರಮದಲ್ಲಿ. ಇವನು ಅಜ್ಜಿ ಹಾಡುತ್ತಿದ್ದ ಒಂದು ಸಂಪ್ರದಾಯದ ಹಾಡನ್ನು ಅರವತ್ತು ಜನರ ಬ್ಯಾಂಡಿಗೆ ಬರೆದ. ಡೈರೆಕ್ಟರ್ ಒಂದು ದಿನ ಕಾಲು ಗಂಟೆ ಓದಿಸಿದರು. ಕೆಟ್ಟದಾಗಿತ್ತು. ಇವನ ಮುಖ ನೋಡಲಾಗಲಿಲ್ಲ ಅಂತ ಅವರೇ ಆಮೇಲೆ ಹೇಳಿದರು.

ಮರುದಿನ ಅವರು ಒಂದು ಉಪಾಯ ಹೇಳಿದರು: ಇದನ್ನೇ ಐದು ಜನಕ್ಕೆ ಬರೆ. ಎರಡು ಕ್ಲಾರಿನೆಟ್, ಒಂದು ಫ್ಲೂಟ್, ಒಂದು ಹಾರ್ನ್, ಒಂದು ಬಸೂನ್. ಆ ಐವರೂ ಇವನ ಗೆಳೆಯರೇ, ನಮ್ಮ ಗ್ಯಾರೇಜಿನಲ್ಲಿ ಭಾನುವಾರ ಭಾನುವಾರ ಕೂತು ಪಳಗಿಸಿಕೊಂಡರು. ಕಾರ್ಯಕ್ರಮದಲ್ಲಿ ಬ್ಯಾಂಡಿನ ಎರಡು ಕೃತಿಗಳ ನಡುವೆ, ಕುರ್ಚಿ ಸರಿಸುವ ಹೊತ್ತಿನಲ್ಲಿ ನುಡಿಸಿದರು. ಮೂರು ನಿಮಿಷ. ನನ್ನ ತಾಯಿ ಹಾಸನದಲ್ಲಿ ಬೆಳಗಿನ ಜಾವ ಎದ್ದು ವಿಡಿಯೊ ಕರೆಯಲ್ಲಿ ಕೇಳಿದರು. 24 ಜನಕ್ಕೆ ಆಗದಿದ್ದರೆ ಐದು ಜನಕ್ಕೆ ಆಗುತ್ತದೆ, ಇದನ್ನೂ ಮಗಳ ಮುಂದೆ ಇಡಿ.

ಒಮ್ಮೆ ಬೇಡ ಅಂದವನು, ಮಂಗಳೂರು

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬರೆದಿದ್ದೆ. ಹಾಳೆಗಳನ್ನು ಹಂಚಿಯೂ ಆಗಿತ್ತು. ಎರಡು ವಾರ ಇರುವಾಗ ಹೆದರಿಕೆಯಾಗಿ, ಬೇಡ ಸಾರ್ ಅಂದುಬಿಟ್ಟೆ. ಅವರು ಒತ್ತಾಯ ಮಾಡಲಿಲ್ಲ.

ಯೂಫೋನಿಯಂ ಅನ್ನುವ ದಪ್ಪ ದನಿಯ ಹಿತ್ತಾಳೆ ವಾದ್ಯ ನುಡಿಸುವ ಒಬ್ಬ ಹುಡುಗ ಇದ್ದ. ಬ್ಯಾಂಡಿನಲ್ಲಿ ಅವನಿಗೆ ಯಾವತ್ತೂ ಪೂಂ ಪೂಂ ಅಷ್ಟೇ. ನಾನು ಎಂಟು ಬಾರ್ ರಾಗವನ್ನು ಅವನಿಗೇ ಬರೆದಿದ್ದೆ. ಬೇಡ ಅಂದದ್ದು ಗೊತ್ತಾದ ಮೇಲೆ ಅವನು ಹಾಳೆಯನ್ನು ನನ್ನ ಕೈಗೆ ತಂದುಕೊಟ್ಟ. ಆ ಎಂಟು ಬಾರಿನ ಮೇಲೆಲ್ಲ ಪೆನ್ಸಿಲ್ ಗುರುತು, ಉಸಿರಿನ ಗೆರೆ, ಬೆರಳಿನ ಅಂಕಿ, ಒಂದು ಕಡೆ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ಮನೆಯಲ್ಲಿ ಕೂತು ಕಲಿತಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಲ್ಲ ಅನ್ನುವುದಾದರೆ ಹಾಳೆ ಹಂಚುವ ಮುಂಚೆಯೇ ಅನ್ನಲಿ. ಹಂಚಿದ ಮೇಲೆ ಅದು ಅವಳೊಬ್ಬಳದಲ್ಲ.

ವಕೀಲರೊಬ್ಬರು, ಹುಬ್ಬಳ್ಳಿ

ಕಾನೂನಿನ ಬಗ್ಗೆ ಎರಡು ಮಾತು. ‘ವರವೀಣಾ’ ಹಳೆಯ ಗೀತೆ, ಯಾರ ಅನುಮತಿಯೂ ಬೇಡ. ಮುಂದೆ ಭಾವಗೀತೆಗೋ ಸಿನಿಮಾ ಹಾಡಿಗೋ ಕೈ ಹಾಕಿದರೆ ಬೇರೆ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅರೇಂಜ್‌ಮೆಂಟ್ ಅಂದರೆ ರೂಪಾಂತರ, ಅದರ ಹಕ್ಕು ಮೂಲ ಕೃತಿಯ ಹಕ್ಕುದಾರರದು. ಅವಧಿ ಕರ್ತೃ ತೀರಿದ ಮೇಲೆ 60 ವರ್ಷ. ನಮ್ಮ ಬೇಂದ್ರೆಯವರು ತೀರಿದ್ದು 1981ರಲ್ಲಿ, ಲೆಕ್ಕ ಹಾಕಿಕೊಳ್ಳಿ. ರಾಗ ಹಾಕಿದವರ ಹಕ್ಕು ಪ್ರತ್ಯೇಕ. ಶಾಲೆಯವರು, ಮಕ್ಕಳು, ಪೋಷಕರಷ್ಟೇ ಕೂತ ಸಭೆಯಲ್ಲಿ ನುಡಿಸಲು ಸೆಕ್ಷನ್ 52ರಲ್ಲಿ ವಿನಾಯಿತಿ ಇದೆ, ಅದನ್ನೇ ಯೂಟ್ಯೂಬಿಗೆ ಹಾಕಿದರೆ ಆ ನೆರಳು ಸಿಗುವುದಿಲ್ಲ. ನಾಡಗೀತೆಯನ್ನು ಮಾತ್ರ ಹೊಸದಾಗಿ ಹೊಂದಿಸಲು ಹೋಗದಿರಲಿ. ಅದರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಸರ್ಕಾರ 2022ರಲ್ಲಿ ಗೊತ್ತುಮಾಡಿದೆ.

ಕೇಳಿದವರು, ಒಂದು ವಾರದ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಎಲ್ಲವನ್ನೂ ಮಗಳಿಗೆ ಓದಿಸಿದೆ. ಸ ಬಿ ಫ್ಲ್ಯಾಟ್‌ನಲ್ಲೇ ಇತ್ತು. ‘ದಪಸಾ’ ಓದುತ್ತಿದ್ದ ಹಾಗೆ ಎದ್ದು ಹೋಗಿ ಕ್ಲಾರಿನೆಟ್ ಜೋಡಿಸಿಕೊಂಡು ಬಂದು, ಬೆರಳು ನೋಡಿಕೊಳ್ಳುತ್ತ ಅದನ್ನೇ ಇಪ್ಪತ್ತು ಸಲ ನುಡಿಸಿದಳು. ಎರಡು ರಾತ್ರಿ ಕೂತು ಎಲ್ಲವನ್ನೂ ಎಫ್‌ಗೆ ಇಳಿಸಿದಳು. ಎರಡು ಕಡೆ ನಿ ಬಂದಿತ್ತಂತೆ, ತೆಗೆದಳು. ಗುರುವಾರ ಮತ್ತು ಶುಕ್ರವಾರ ಮಾಸ್ಟರ್ ಓದಿಸಿದರು. ಮೊದಲ ದಿನ ಡ್ರಮ್ ಲಯ ಮೀರಿ ಓಡಿಹೋಯಿತಂತೆ. ಎರಡನೇ ದಿನ ಕೊನೆಯ ಸಾಲಿನ ಕ್ಲಾರಿನೆಟ್ ಮಕ್ಕಳು ಮೂವರಲ್ಲಿ ಇಬ್ಬರು ತಲೆ ಎತ್ತಿದರಂತೆ. ಮೂರನೆಯವಳಿಗೆ ಒಂದು ಸಾಲು ಕಷ್ಟ, ಆ ಸಾಲಿಗೆ ಬೇರೆ ಸುಲಭದ ಸ್ವರ ಬರೆದುಕೊಟ್ಟಿದ್ದಾಳೆ.

ಶನಿವಾರ ನುಡಿಸುತ್ತೇವೆ ಅಂತ ಹೇಳಿ ಬಂದಳು. ನುಡಿಸುತ್ತೇನೆ ಅನ್ನಲಿಲ್ಲ, ನಾನು ಗಮನಿಸಿದೆ. ಡ್ರಮ್ಮಿನ ಹುಡುಗ ಇವತ್ತು ಸಂಜೆ ನಮ್ಮ ಮನೆಗೆ ಬಂದಿದ್ದಾನೆ. ಹಾಲಿನಲ್ಲಿ ಇಬ್ಬರೂ ನೆಲದ ಮೇಲೆ ಕೂತು ತೊಡೆ ತಟ್ಟಿ ತಾಳ ಹಾಕುತ್ತಿದ್ದಾರೆ. ಟ್ರಂಪೆಟ್‌ನವರು ಮೊದಲರ್ಧ ಸುಮ್ಮನೆ ಕೂರಲು ಒಪ್ಪುತ್ತಿಲ್ಲವಂತೆ, ಅವರನ್ನು ಒಪ್ಪಿಸುವ ದಾರಿ ಗೊತ್ತಿದ್ದವರು ಯಾರಾದರೂ ಹೇಳಿ.